ಒಂದು ಸೇವ್, ನಾಲ್ಕು ಕೈ

ಕಳೆದ ವರ್ಷ ಎರಡನೇ ಸೆಮ್ ಎಕ್ಸಾಮ್ ಮುಗಿದ ರಾತ್ರಿ ನಾವು ಯಲಹಂಕ ನ್ಯೂ ಟೌನ್‌ನ ಬಾಡಿಗೆ ಮನೆಯಲ್ಲಿ ಕೂತು ಆಸ್ತಿ ಪಾಲು ಮಾಡಿಕೊಂಡೆವು. ನಗಬೇಡಿ, ನಿಜವಾಗಲೂ ಪಾಲೇ. ನಾಲ್ಕು ಜನರಲ್ಲಿ ಒಬ್ಬ ಊರಿಗೆ ವಾಪಸ್ ಹೊರಟಿದ್ದ. ಹಳೇ ಅಸೈನ್‌ಮೆಂಟ್ ಶೀಟಿನ ಹಿಂದೆ ಪಟ್ಟಿ ಬರೆದೆವು: ಕುಕ್ಕರ್, ಗ್ಯಾಸ್ ಒಲೆ, ಇಸ್ತ್ರಿ ಪೆಟ್ಟಿಗೆ, ವೈಫೈ ರೂಟರ್, ಪ್ಲೇಸ್ಟೇಷನ್ 4, ಮೂರು ಡಿಸ್ಕ್. ಇಷ್ಟಕ್ಕೆಲ್ಲಾ ಇಪ್ಪತ್ತು ನಿಮಿಷ ಸಾಕಾಯ್ತು. ಕೊನೇ ಸಾಲಲ್ಲಿ "ಡೌನ್‌ಲೋಡ್ ಗೇಮ್ಸ್, 6" ಅಂತ ಇತ್ತು. ಅದರ ಮುಂದೆ ಯಾರ ಹೆಸರು ಬರೆಯೋದು ಅಂತ ಯಾರಿಗೂ ಹೊಳೆಯಲಿಲ್ಲ. ಖಾಲಿ ಬಿಟ್ಟೆವು.

ಆ ಖಾಲಿ ಬಿಟ್ಟ ಜಾಗದಿಂದ ಮೂರು ತಿಂಗಳ ನಂತರ ನಾವು ನಾಲ್ಕು ಜನ ಎರಡು ವಾರ ಮಾತು ಬಿಟ್ಟಿದ್ದೆವು. ಗೇಮ್‌ನ ಡಿಸ್ಕ್ ತಗೋಬೇಕಾ, ಡಿಜಿಟಲ್ ತಗೋಬೇಕಾ ಅಂತ ಕ್ಯಾಂಟೀನ್‌ನಲ್ಲಿ ಜಗಳ ಆಡೋರೆಲ್ಲಾ ರೇಟು, ಸ್ಪೀಡು, ಸ್ಟೋರೇಜ್ ಬಗ್ಗೆ ಮಾತಾಡ್ತಾರೆ. ನಮಗೆ ಗೊತ್ತಾಗಿದ್ದು ಬೇರೇನೇ. ಅದನ್ನ ಹೇಳೋಣ ಅಂತ ಬರೀತಿದ್ದೀವಿ.

ಮೊದಲು ಪಾತ್ರ ಪರಿಚಯ. ನಮ್ಮ ಮನೇಲಿ ಹೆಸರು ಹಿಡಿದು ಕರೆಯೋ ಪದ್ಧತಿ ಇಲ್ಲ, ಊರೇ ಹೆಸರು. ಚಿಂತಾಮಣಿ, ಗದಗ, ಸಿರಾ, ಆರ್‌ಟಿ ನಗರ. ಆರ್‌ಟಿ ನಗರದವನಿಗೆ ಮನೆ ಅರ್ಧ ಗಂಟೆ ದೂರ, ಆದರೂ ವಾರದಲ್ಲಿ ನಾಲ್ಕು ದಿನ ನಮ್ಮ ಜೊತೇನೇ ಇರ್ತಿದ್ದ. ಟಿವಿ ಅವನ ಮನೆಯದ್ದು, ಹಾಗಾಗಿ ಯಾರೂ ಬಾಡಿಗೆ ಕೇಳಲಿಲ್ಲ. ಪಾಸಾಗಿ ಹೋಗ್ತಿದ್ದ ಒಬ್ಬ ಸೀನಿಯರ್ ಹತ್ರ ಪಿಎಸ್4 ಅನ್ನು 14,000ಕ್ಕೆ ತಗೊಂಡೆವು, ತಲೆಗೆ 3,500. ಜೊತೆಗೆ ಮೂರು ಡಿಸ್ಕ್ ಕೊಟ್ಟರು: ಜಿಟಿಎ 5, ಗಾಡ್ ಆಫ್ ವಾರ್, ಫಿಫಾ 19.

ಆ ಮೂರೇ ಡಿಸ್ಕ್‌ನಲ್ಲಿ ನಾವು ಒಂಬತ್ತು ಗೇಮ್ ಆಡಿದ್ದೀವಿ. ಹೇಗೆ ಅಂದ್ರೆ, ನಮ್ಮ ಗಾಡ್ ಆಫ್ ವಾರ್ ಪುಟ್ಟೇನಹಳ್ಳಿಯ ಪಿಜಿ ಹುಡುಗರಿಗೆ ಹೋಯ್ತು, ಅಲ್ಲಿಂದ ಅನ್‌ಚಾರ್ಟೆಡ್ 4 ಬಂತು. ಅದು ಮುಗಿದ ಮೇಲೆ ಅಟ್ಟೂರು ಲೇಔಟ್‌ನ ಒಬ್ಬ ಕ್ಲಾಸ್‌ಮೇಟ್‌ಗೆ ಹೋಯ್ತು, ಅಲ್ಲಿಂದ ಸ್ಪೈಡರ್‌ಮ್ಯಾನ್ ಬಂತು. ಫಿಫಾ 19 ಒಂದು ತಿಂಗಳು ಯಾರ ಹತ್ರ ಇತ್ತು ಅಂತ ಇವತ್ತಿಗೂ ಗೊತ್ತಿಲ್ಲ, ಆದರೆ ವಾಪಸ್ ಬಂತು. ಮೇಲೆ ಒಂದು ಗೀರು, ಕವರ್ ಒಳಗೆ ಯಾರದ್ದೋ ಬಸ್ ಟಿಕೆಟ್. ಡಿಸ್ಕ್ ಕೊಟ್ಟು ತರೋ ನೆಪದಲ್ಲೇ ನಮಗೆ ಅರ್ಧ ಯಲಹಂಕ ಪರಿಚಯ ಆಗಿದ್ದು.

ಪಿಎಸ್4 ಇದನ್ನೇ ಹೇಳಿಕೊಂಡು ಮಾರ್ಕೆಟ್‌ಗೆ ಬಂದಿದ್ದು ಅಂತ ಆಮೇಲೆ ಗೊತ್ತಾಯ್ತು. 2013ರ ಜೂನ್‌ನಲ್ಲಿ ಎಕ್ಸ್‌ಬಾಕ್ಸ್ ಒನ್ ಬರೋ ಮುಂಚೆ ಮೈಕ್ರೋಸಾಫ್ಟ್, ಹಳೇ ಡಿಸ್ಕ್ ಮಾರೋಕೆ, ಬೇರೆಯವರಿಗೆ ಕೊಡೋಕೆ ಷರತ್ತು ಹಾಕ್ತೀವಿ ಅಂದಿತ್ತು. ಅದೇ ಸಮಯಕ್ಕೆ ಸೋನಿ ಒಂದು ಪುಟ್ಟ ವಿಡಿಯೋ ಬಿಟ್ಟಿತು, "ಪಿಎಸ್4ನಲ್ಲಿ ಗೇಮ್ ಶೇರ್ ಮಾಡೋದು ಹೇಗೆ" ಅಂತ. ಅದರಲ್ಲಿ ಒಬ್ಬ ಡಿಸ್ಕ್ ಕೈಗೆ ಕೊಡ್ತಾನೆ, ಇನ್ನೊಬ್ಬ ಥ್ಯಾಂಕ್ಸ್ ಅಂತಾನೆ. ಮುಗೀತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ತನ್ನ ಷರತ್ತು ವಾಪಸ್ ತಗೊಂಡಿತು.

ಹಾಗಾದ್ರೆ ನಾವು ಡಿಜಿಟಲ್ ಕಡೆ ಯಾಕೆ ಹೋದೆವು? ಸೋಮಾರಿತನ ಮತ್ತು ಸೇಲ್. ಡಿಸ್ಕ್ ಬೇಕು ಅಂದ್ರೆ ಮೆಜೆಸ್ಟಿಕ್‌ಗೆ ಹೋಗಬೇಕು, ಹೆಬ್ಬಾಳದ ಫ್ಲೈಓವರ್ ದಾಟಬೇಕು. ದಾಟಿದವರಿಗೆ ಗೊತ್ತು. ಸೇಲ್ ಬಂದ್ರೆ ರಾತ್ರಿ 12 ಗಂಟೆಗೆ ಹಾಸಿಗೆ ಮೇಲೆ ಮಲಗಿಕೊಂಡೇ ಗೇಮ್ ತಗೋಬಹುದು, ಅದೂ ಅರ್ಧ ರೇಟಿಗೆ. ಚಿಂತಾಮಣಿ ಹತ್ರ ಕಾರ್ಡ್ ಇತ್ತು, ಹಾಗಾಗಿ ಅವನದ್ದೇ ಅಕೌಂಟ್. ದುಡ್ಡು ಮಾತ್ರ ನಾಲ್ಕು ಜನರದ್ದು, ಪ್ರತಿ ಸಲ ಯುಪಿಐನಲ್ಲಿ ಲೆಕ್ಕ ಚುಕ್ತಾ. ಐದಾರು ತಿಂಗಳಲ್ಲಿ ಆರು ಗೇಮ್ ಆದವು, ತಲೆಗೆ ಸುಮಾರು 1,800. ಯಾರೂ ನಿಯಮ ಓದಲಿಲ್ಲ. "ಒಪ್ಪುತ್ತೇನೆ" ಒತ್ತಿದೆವು, ಡೌನ್‌ಲೋಡ್‌ಗೆ ಹಾಕಿ ಮಲಗಿದೆವು.

ಆ ಆರರಲ್ಲಿ ಒಂದು ರೆಡ್ ಡೆಡ್ ರಿಡೆಂಪ್ಷನ್ 2. 2018ರ ಗೇಮ್, ನೂರು ಜಿಬಿಗಿಂತ ದೊಡ್ಡದು, ನಮ್ಮ ಮನೆ ವೈಫೈಗೆ ಎರಡು ರಾತ್ರಿ ಬೇಕಾಯ್ತು. ಇದು ಒಬ್ಬರೇ ಆಡೋ ಗೇಮ್. ನಾವು ನಾಲ್ಕು ಜನ ಒಂದೇ ಸೇವ್‌ನಲ್ಲಿ ಆಡಿದೆವು. ಗನ್‌ಫೈಟ್ ಬಂದ್ರೆ ಕಂಟ್ರೋಲರ್ ಸಿರಾ ಕೈಗೆ. ಪೋಕರ್ ಆರ್‌ಟಿ ನಗರ. ಬೇಟೆ, ಕಾಡು ಸುತ್ತೋದು ಚಿಂತಾಮಣಿ. ಮೀನು ಹಿಡಿಯೋದು, ಕುದುರೆ ನೋಡಿಕೊಳ್ಳೋದು ಗದಗ. ಆ ಗೇಮ್‌ನಲ್ಲಿ ಕುದುರೆಗೆ ನಾವೇ ಹೆಸರಿಡಬಹುದು. ಗದಗ "ಬಸ್ಯಾ" ಅಂತ ಇಟ್ಟ. ಬಸ್ಯಾ ಸತ್ತರೆ ಸತ್ತ ಹಾಗೇ, ವಾಪಸ್ ಬರಲ್ಲ. ಅದಕ್ಕೇ ಗುಂಡಿನ ಸದ್ದು ಕೇಳಿದ ತಕ್ಷಣ ಗದಗ, "ಮೊದ್ಲ ಬಸ್ಯಾನ್ನ ದೂರ ಕಳಸ್ರಲೇ" ಅಂತ ಕೂಗ್ತಿದ್ದ. ಎರಡನೇ ಸೆಮ್ ಮುಗಿಯೋ ಹೊತ್ತಿಗೆ 62 ಗಂಟೆ ಆಗಿತ್ತು, ನಾಲ್ಕನೇ ಅಧ್ಯಾಯದಲ್ಲಿದ್ದೆವು.

ಆಗಲೇ ಚಿಂತಾಮಣಿಯ ಅಪ್ಪನಿಗೆ ಹುಷಾರಿಲ್ಲದೇ ಹೋಯ್ತು. ಮನೇಲಿ ನೋಡಿಕೊಳ್ಳೋಕೆ ಗಂಡು ದಿಕ್ಕು ಅಂದ್ರೆ ಅವನು ಮತ್ತು ಹೈಸ್ಕೂಲ್ ಓದೋ ತಮ್ಮ. ಮೂರನೇ ಸೆಮ್‌ಗೆ ಊರಿಗೆ ಹತ್ತಿರದ ಕಾಲೇಜಿಗೆ ಬದಲಾಯಿಸಿಕೊಂಡ. ಪಾಲು ಮಾಡಿದ ರಾತ್ರಿ ಕನ್ಸೋಲ್‌ನಲ್ಲಿ ಅವನ ಭಾಗದ ದುಡ್ಡು ಕೊಟ್ಟೆವು, ಗಾಡ್ ಆಫ್ ವಾರ್ ಡಿಸ್ಕ್ ಅವನ ಬ್ಯಾಗಿಗೆ ಹಾಕಿದೆವು. ಆ ಆರು ಗೇಮ್ ವಿಷಯ ಬಂದಾಗ ಅವನೇ, "ಬಿಡ್ರೋ, ನಾನು ಅಲ್ಲಿ ಎಲ್ಲಿ ಆಡ್ತೀನಿ. ಪಾಸ್‌ವರ್ಡ್ ನಿಮ್ಮತ್ರಾನೇ ಇದೆಯಲ್ಲ, ಆಡ್ಕೊಳ್ಳಿ" ಅಂದ. ಬೆಳಗ್ಗೆ ಬಸ್ ಹತ್ತಿಸಿ ಬಂದೆವು.

ಮೂರನೇ ಸೆಮ್‌ನ ಮೊದಲ ಇಂಟರ್ನಲ್ಸ್ ಮುಗಿದ ಶನಿವಾರ ಪಿಎಸ್4 ಆನ್ ಮಾಡಿದ್ರೆ ಆರೂ ಗೇಮ್ ಪಕ್ಕ ಬೀಗದ ಗುರುತು. ಹ್ಯಾಕ್ ಆಯ್ತು ಅಂದುಕೊಂಡು ಗಾಬರಿಯಲ್ಲಿ ಅವನಿಗೆ ಫೋನ್ ಮಾಡಿದೆವು. ಹ್ಯಾಕ್ ಏನೂ ಅಲ್ಲ. ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಮನೇಲಿ ತಮ್ಮ ಒಬ್ಬನೇ ಕೂತು ಬೇಜಾರಾಗ್ತಾನೆ ಅಂತ ಒಂದು ಹಳೇ ಪಿಎಸ್4 ಕೊಡಿಸಿದ್ದಾನೆ. ತಮ್ಮ ಅದನ್ನ ಅಣ್ಣನ ಅಕೌಂಟ್‌ನ ಪ್ರೈಮರಿ ಮಾಡಿಕೊಂಡಿದ್ದಾನೆ.

ಇದು ಗೊತ್ತಿಲ್ಲದವರಿಗೆ ಒಂದು ಮಾತು. ಒಂದು ಅಕೌಂಟ್‌ಗೆ ಒಂದೇ ಪಿಎಸ್4 ಪ್ರೈಮರಿ ಆಗಿರೋಕೆ ಸಾಧ್ಯ. ಪ್ರೈಮರಿ ಮೇಲೆ ಯಾರು ಬೇಕಾದ್ರೂ ಆ ಅಕೌಂಟ್‌ನ ಗೇಮ್ ಆಡಬಹುದು, ನೆಟ್ ಇಲ್ಲದೇನೂ ನಡೆಯುತ್ತೆ. ಬೇರೆ ಪಿಎಸ್4ನಲ್ಲಿ ಆಡಬೇಕು ಅಂದ್ರೆ ಅದೇ ಅಕೌಂಟ್‌ನಲ್ಲಿ ಲಾಗಿನ್ ಆಗಿ, ನೆಟ್ ಇಟ್ಟುಕೊಂಡೇ ಆಡಬೇಕು. ನಾವು ಹಾಗೇ ಲಾಗಿನ್ ಆದೆವು. ನಾವು ಇಲ್ಲಿ ಒಳಗೆ ಹೋದ ತಕ್ಷಣ ಅಲ್ಲಿ ತಮ್ಮ ಹೊರಗೆ ಬಿದ್ದ. ಅವನು ಮತ್ತೆ ಬಂದ, ನಾವು ಹೊರಗೆ. ಒಂದು ಭಾನುವಾರ ಪೂರ್ತಿ ಯಲಹಂಕಕ್ಕೂ ಚಿಂತಾಮಣಿಗೂ ಈ ಕುರ್ಚಿ ಆಟ ನಡೀತು. ಸಂಜೆ ಹೊತ್ತಿಗೆ ತಮ್ಮ ಪಾಸ್‌ವರ್ಡ್ ಬದಲಾಯಿಸಿದ. ಹೊಸ ಪಾಸ್‌ವರ್ಡ್ ಹಾಕಿದ್ರೂ ಒಟಿಪಿ ಹೋಗೋದು ಚಿಂತಾಮಣಿ ಫೋನಿಗೆ.

ಆಮೇಲಿನ ಕಾಲ್ ನೆನಪಿಸಿಕೊಂಡರೆ ಈಗಲೂ ನಾಚಿಕೆ. ಗದಗ ಅಂದ, "ರೊಕ್ಕ ನಾವೂ ಕೊಟ್ಟೇವಲ್ಲೋ." ಆ ಕಡೆಯಿಂದ ಬಂತು, "ನನ್ನ ಇಮೇಲ್, ನನ್ನ ಕಾರ್ಡ್ ಮಗಾ. ಒಬ್ಬ ಚಿಕ್ಕ ಹುಡುಗನ ಹತ್ರ ಏನ್ರೋ ಜಗಳ?" ಸಿರಾ ಮಧ್ಯ ಬಾಯಿ ಹಾಕಿ, "ಹಾಗಾದ್ರೆ ನಮ್ಮ 5,400 ಹಾಕು" ಅಂದುಬಿಟ್ಟ. ಅಪ್ಪನ ಆಸ್ಪತ್ರೆ ಬಿಲ್ ಕಟ್ಟಿ ಬಂದವನ ಹತ್ರ. ಫೋನ್ ಕಟ್ ಆಯ್ತು. ಗ್ರೂಪ್‌ನಲ್ಲಿ ಎರಡು ವಾರ ಒಂದು ಗುಡ್ ಮಾರ್ನಿಂಗ್ ಕೂಡ ಇಲ್ಲ.

ಆ ಎರಡು ವಾರದಲ್ಲಿ ನಾವು ಮಾಡಿದ ಒಂದು ಒಳ್ಳೇ ಕೆಲಸ ಅಂದ್ರೆ, ಒತ್ತಿದ್ದ "ಒಪ್ಪುತ್ತೇನೆ" ಹಿಂದೆ ಏನಿತ್ತು ಅಂತ ಓದಿದ್ದು. ಅಲ್ಲಿ ಸ್ಪಷ್ಟವಾಗೇ ಇದೆ: ಮಾರಿದ್ದು ಗೇಮ್ ಅಲ್ಲ, ಲೈಸೆನ್ಸ್. ಅದೂ ಒಬ್ಬರಿಗೆ. ಮಾರೋ ಹಾಗಿಲ್ಲ, ಬೇರೆಯವರಿಗೆ ವರ್ಗಾಯಿಸೋ ಹಾಗಿಲ್ಲ. ಅಂದ್ರೆ ನಾಲ್ಕು ಜನ ಸೇರಿ ತಗೊಂಡೆವು ಅಂದುಕೊಂಡಿದ್ದೇ ತಪ್ಪು. ಲೆಕ್ಕಕ್ಕೆ ತಗೊಂಡವನು ಒಬ್ಬ, ಮಿಕ್ಕ ಮೂರು ಜನ ಅವನಿಗೆ ದುಡ್ಡು ಕಳಿಸಿದ್ದೆವು ಅಷ್ಟೇ. ಅವನೂ ಸರಿ, ನಾವೂ ಸರಿ. ಪಾಲು ಮಾಡೋಕೆ ಬರದ ವಸ್ತುವನ್ನ ಪಾಲಿಗೆ ತಗೊಂಡಿದ್ದೆವು.

ಈ ಗೊಂದಲ ನಮ್ಮೊಬ್ಬರದ್ದೇ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಒಂದು ಕಾನೂನು ಮಾಡಿತು, 2025ರ ಜನವರಿ 1ರಿಂದ ಜಾರಿ. ಡಿಜಿಟಲ್ ವಸ್ತುವನ್ನ ಮಾರುವಾಗ ಸಿಗ್ತಿರೋದು ಲೈಸೆನ್ಸ್ ಮಾತ್ರ ಅಂತ ತಿಳಿಸದೇ "ಖರೀದಿಸಿ" ಅಂತ ಬಟನ್ ಇಡೋ ಹಾಗಿಲ್ಲ. ಅದು ಜಾರಿಗೆ ಬರೋ ಮುಂಚೆಯೇ, 2024ರ ಅಕ್ಟೋಬರ್‌ನಲ್ಲಿ, ಸ್ಟೀಮ್‌ನ ಕಾರ್ಟ್‌ನಲ್ಲಿ ಅಂಥ ಒಂದು ಸಾಲು ಕಾಣಿಸಿಕೊಳ್ತು. ನಮ್ಮ ದೇಶದಲ್ಲಿ 2004ರಲ್ಲೇ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಮತ್ತು ಆಂಧ್ರಪ್ರದೇಶ ಸರ್ಕಾರದ ನಡುವಿನ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್, ಸಿಡಿಯಲ್ಲಿ ತುಂಬಿ ಅಂಗಡಿಯಲ್ಲಿ ಮಾರೋ ರೆಡಿಮೇಡ್ ಸಾಫ್ಟ್‌ವೇರ್ ಕೂಡ ತೆರಿಗೆಯ ಮಟ್ಟಿಗೆ "ಸರಕು" ಅಂತ ತೀರ್ಪು ಕೊಟ್ಟಿತ್ತು. ಅಕ್ಕಿ, ಬೇಳೆ ಇದ್ದ ಹಾಗೆ. ಅಂಗಡಿಯ ಡಿಸ್ಕ್ ಸರಕು ಅನ್ನೋದು ನಮ್ಮ ಅಜ್ಜಿಗೂ ಅರ್ಥ ಆಗುತ್ತೆ. ಅಕೌಂಟ್‌ನೊಳಗಿನ ಗೇಮ್ ಏನು ಅಂತ ಹೇಳೋಕೆ ನಾವು ನಾಲ್ಕು ಜನ ಭಾವಿ ಇಂಜಿನಿಯರ್‌ಗಳಿಗೇ ಮಾತು ಸಿಗಲಿಲ್ಲ.

ಹಾಗಂತ ಡಿಸ್ಕ್ ದೇವರು, ಡಿಜಿಟಲ್ ದೆವ್ವ ಅಂತ ಬರೆದ್ರೆ ನಾವು ಸುಳ್ಳು ಹೇಳಿದ ಹಾಗಾಗುತ್ತೆ. ಪಿಎಸ್4ನಲ್ಲಿ ಡಿಸ್ಕ್ ಹಾಕಿದಾಗ ಗೇಮ್ ಹಾರ್ಡ್‌ಡಿಸ್ಕ್‌ಗೆ ಕಾಪಿ ಆಗಿ ಅಲ್ಲಿಂದಲೇ ನಡೆಯುತ್ತೆ. ಆಮೇಲೆ ಡಿಸ್ಕ್ ಬರೀ ಬೀಗದ ಕೈ. ಅದೂ ಪೂರ್ತಿ ನಮ್ಮ ಕೈಲಿರಲಿಲ್ಲ. ಪಿಎಸ್4 ಬೋರ್ಡಿನ ಗಡಿಯಾರಕ್ಕೆ ಒಂದು ಬಟನ್ ಸೆಲ್ ಇದೆ. ಆ ಸೆಲ್ ಸತ್ತು, ಸರ್ವರ್ ಕೂಡ ಸಿಗದೇ ಹೋದ್ರೆ ಡಿಸ್ಕ್ ಗೇಮ್ ಕೂಡ ಓಪನ್ ಆಗ್ತಿರಲಿಲ್ಲ. 2021ರಲ್ಲಿ ಜನ ಇದನ್ನ ಪತ್ತೆ ಮಾಡಿ ಗಲಾಟೆ ಮಾಡಿದ ಮೇಲೆ ಅದೇ ವರ್ಷ ಒಂದು ಅಪ್‌ಡೇಟ್‌ನಲ್ಲಿ ಸರಿಯಾಯ್ತು.

ಇನ್ನೂ ದೊಡ್ಡ ಉದಾಹರಣೆ ಯೂಬಿಸಾಫ್ಟ್‌ನ ದಿ ಕ್ರೂ. 2014ರ ಕಾರ್ ರೇಸಿಂಗ್ ಗೇಮ್, ಒಬ್ಬರೇ ಆಡಿದ್ರೂ ಸರ್ವರ್ ಬೇಕೇ ಬೇಕು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು. ಡಿಸ್ಕ್ ಇಟ್ಟುಕೊಂಡವರ ಡಿಸ್ಕೂ ಅವತ್ತೇ ಕಾಫಿ ಲೋಟ ಇಡೋ ತಟ್ಟೆ ಆಯ್ತು. ಆ ಸಿಟ್ಟಲ್ಲೇ ರಾಸ್ ಸ್ಕಾಟ್ ಅನ್ನೋ ಯೂಟ್ಯೂಬರ್ "ಸ್ಟಾಪ್ ಕಿಲ್ಲಿಂಗ್ ಗೇಮ್ಸ್" ಅಭಿಯಾನ ಶುರು ಮಾಡಿದ್ದು. ಯುರೋಪ್‌ನಲ್ಲಿ ಅದರ ಅರ್ಜಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷ ಸಹಿ ದಾಟಿತು. ಕೇಳ್ತಿರೋದು ಸರ್ವರ್ ಸದಾ ನಡೆಸಿ ಅಂತಲ್ಲ. ನಿಲ್ಲಿಸುವಾಗ, ತಗೊಂಡವರು ಹೇಗೋ ಆಡಿಕೊಳ್ಳೋ ಸ್ಥಿತಿಯಲ್ಲಿ ಬಿಟ್ಟು ಹೋಗಿ ಅಂತ.

ನಮ್ಮ ವಯಸ್ಸಿನವರು ಇದನ್ನ ಕನ್ಸೋಲ್ ಮುಟ್ಟೋ ಮುಂಚೆಯೇ ಅನುಭವಿಸಿದ್ದೀವಿ. 2020ರ ಸೆಪ್ಟೆಂಬರ್ 2. ಪಬ್‌ಜಿ ಬ್ಯಾನ್. ನಾವೆಲ್ಲಾ ಹೈಸ್ಕೂಲ್, ಲಾಕ್‌ಡೌನ್ ಕಾಲ, ಆನ್‌ಲೈನ್ ಕ್ಲಾಸ್ ಹೆಸರಲ್ಲಿ ಫೋನ್ ಕೈಲಿತ್ತು. ಹುಟ್ಟುಹಬ್ಬದ ದುಡ್ಡಲ್ಲಿ ಯುಸಿ ಹಾಕಿಸಿ ಸ್ಕಿನ್ ತಗೊಂಡಿದ್ದೆವು. ಅಕ್ಟೋಬರ್ 30ಕ್ಕೆ ಭಾರತಕ್ಕೆ ಸರ್ವರ್ ಬಂದ್. 2021ರ ಜುಲೈನಲ್ಲಿ ಬಿಜಿಎಂಐ ಬಂದಾಗ ಹಳೇ ಅಕೌಂಟ್ ವರ್ಗಾಯಿಸಿಕೊಳ್ಳೋಕೆ ಅವಕಾಶ ಕೊಟ್ಟರು. 2022ರ ಜುಲೈನಲ್ಲಿ ಅದೂ ಸ್ಟೋರ್‌ಗಳಿಂದ ಮಾಯ. 2023ರ ಮೇನಲ್ಲಿ ಮತ್ತೆ ಪ್ರತ್ಯಕ್ಷ. ಅದು ಸರಿಯೋ ತಪ್ಪೋ ಅನ್ನೋ ಚರ್ಚೆ ಇಲ್ಲಿ ಬೇಡ. ಆದರೆ ಆ ಕೆಂಪು ಜಾಕೆಟ್ ನಮ್ಮದು ಅಂತ ಹೇಳಿಕೊಂಡು ತಿರುಗ್ತಿದ್ದೆವಲ್ಲ, ಅದು ಯಾವತ್ತೂ ನಮ್ಮ ಮನೇಲಿ ಇರಲೇ ಇಲ್ಲ.

ಕೈಗೆ ಸಿಗೋ ವಸ್ತುವೂ ಯಾರೋ ಜೋಪಾನ ಮಾಡಿದ್ರೆ ಮಾತ್ರ ಉಳಿಯುತ್ತೆ. ಕನ್ನಡ ಸಂಘದ ಪತ್ರಿಕೆ ಅಂದ ಮೇಲೆ ಇದನ್ನೂ ಹೇಳಬೇಕು. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾ. ಅದರ ಒಂದು ಪ್ರಿಂಟ್ ಕೂಡ ಉಳಿದಿಲ್ಲ. ರೀಲ್ ಡಬ್ಬಿಗಳಲ್ಲಿ ತುಂಬಿ ಊರಿಂದ ಊರಿಗೆ ಹೊತ್ತುಕೊಂಡು ಹೋದ ಸಿನಿಮಾ, ಈಗ ನೋಡೋಕೆ ಇಲ್ಲ.

ಹಾಗಾದ್ರೆ ವ್ಯತ್ಯಾಸ ಎಲ್ಲಿದೆ? ನಮಗೆ ಕಂಡಿದ್ದು ಇಷ್ಟು. ಡಿಸ್ಕ್ ಕೂಡ ಹಾಳಾಗುತ್ತೆ, ಕಳೆದುಹೋಗುತ್ತೆ, ಸರ್ವರ್ ಬೇಕು ಅಂದ್ರೆ ಸತ್ತೂ ಹೋಗುತ್ತೆ. ಆದರೆ ಅದು ಬದುಕಿರೋವರೆಗೂ ಅದನ್ನ ಇನ್ನೊಬ್ಬರಿಗೆ ಕೊಡೋಕೆ ಯಾರ ಪರ್ಮಿಷನ್ನೂ ಬೇಡ. ನಮ್ಮ ಕಾಲೇಜು ಜೀವನವೇ ನಡೀತಿರೋದು ಇದರ ಮೇಲೆ. ಸೀನಿಯರ್ ಹೆಸರು ಕೆತ್ತಿರೋ ಕ್ಯಾಲ್ಕುಲೇಟರ್, ನಾಲ್ಕು ಬ್ಯಾಚ್ ನೋಡಿರೋ ಲ್ಯಾಬ್ ಕೋಟ್, ಅಂಡರ್‌ಲೈನ್ ಮಾಡಿರೋ ಮ್ಯಾಥ್ಸ್ ಪುಸ್ತಕ. ಇದರಲ್ಲಿ ಯಾವುದಕ್ಕಾದ್ರೂ ಒಟಿಪಿ ಕೇಳಿದ್ರೆ ನಮ್ಮಲ್ಲಿ ಅರ್ಧ ಜನ ಫಸ್ಟ್ ಇಯರ್ ಪಾಸಾಗ್ತಿರಲಿಲ್ಲ. ಕಿತ್ತಾಡಿಕೊಂಡು ಕುಕ್ಕರ್ ಪಾಲು ಮಾಡಿದವರು ಮಾರನೇ ದಿನ ಮಾತಾಡ್ತಾರೆ, ಯಾಕಂದ್ರೆ ಕುಕ್ಕರ್ ಒಬ್ಬನ ಹತ್ರ ಹೋಗಿದ್ದು ಎಲ್ಲರಿಗೂ ಕಾಣುತ್ತೆ. ನಮ್ಮ ಆರು ಗೇಮ್ ಯಾರ ಹತ್ರ ಹೋಯ್ತು ಅಂತ ಬೀಗದ ಗುರುತು ಬಂದ ದಿನವೇ ಗೊತ್ತಾಗಿದ್ದು.

ಈಗ ನಮ್ಮ ಮನೆಯ ರೂಲ್ ಸಿಂಪಲ್. ಒಬ್ಬರೇ ಆಡಿ ಮುಗಿಸೋ ಗೇಮ್ ಆದ್ರೆ ಅವರವರ ಅಕೌಂಟ್, ಅವರವರ ದುಡ್ಡು, ಸೇಲ್‌ನಲ್ಲಿ ತಗೊಳ್ಳಿ, ಖುಷಿಯಾಗಿರಿ. ಚಂದಾ ಎತ್ತಿ ತಗೊಳ್ಳೋದಾದ್ರೆ ಡಿಸ್ಕ್. ಮತ್ತೆ ಕನ್ಸೋಲ್ ತಗೊಳ್ಳೋ ಯೋಚನೆ ಇರೋರು ಡಿಸ್ಕ್ ಡ್ರೈವ್ ಇದೆಯಾ ನೋಡಿಕೊಳ್ಳಿ. ಪಿಎಸ್5ನ ಡಿಜಿಟಲ್ ಎಡಿಷನ್‌ಗೆ ಇಲ್ಲ. ಡಿಸ್ಕ್ ಕೊಡೋ ಸೀನಿಯರ್ ಸಿಕ್ಕಿದ್ರೂ ಹಾಕೋಕೆ ಜಾಗ ಇರಲ್ಲ.

ಇನ್ನು ಜಗಳದ ಕಥೆ. ಮೂರನೇ ವಾರ ಸಿರಾ ಒಬ್ಬನೇ ಚಿಂತಾಮಣಿಗೆ ಫೋನ್ ಮಾಡಿ ಕ್ಷಮೆ ಕೇಳಿದ. ಅಪ್ಪ ಹೇಗಿದ್ದಾರೆ ಅಂತ ಕೇಳಿದ್ದೂ ಅವತ್ತೇ, ಮೊದಲನೇ ಸಲ. ಅವರು ಈಗ ನಡೆದಾಡ್ತಿದ್ದಾರಂತೆ. ಕೊನೆಗೆ ಚಿಂತಾಮಣಿ ಅಂದ, "ಅಕೌಂಟ್ ತಮ್ಮನಿಗಿರಲಿ ಬಿಡ್ರೋ." ಇರಲಿ ಅಂದೆವು.

ಆ ಭಾನುವಾರ ಮೂರು ಜನ ಬಸ್ ಹತ್ತಿ, ಹೆಬ್ಬಾಳ, ಮೇಖ್ರಿ ಸರ್ಕಲ್ ದಾಟಿ ಮೆಜೆಸ್ಟಿಕ್‌ಗೆ ಹೋದೆವು. ಗಾಂಧಿನಗರದ ಅಂಗಡಿಗಳಲ್ಲಿ ರೆಡ್ ಡೆಡ್ 2ರ ಸೆಕೆಂಡ್ ಹ್ಯಾಂಡ್ ಡಿಸ್ಕ್ ಹುಡುಕಿದೆವು. ಮೊದಲ ಅಂಗಡಿಯಲ್ಲಿ ಸಿಕ್ಕಿತು, ಆದರೆ ಕವರ್‌ನಲ್ಲಿ ಒಂದೇ ಡಿಸ್ಕ್. ಆ ಗೇಮ್‌ಗೆ ಎರಡು ಡಿಸ್ಕ್ ಇರುತ್ತೆ, ಇನ್‌ಸ್ಟಾಲ್‌ಗೆ ಒಂದು, ಆಡೋಕೆ ಒಂದು. ನೀವು ತಗೊಳ್ಳುವಾಗ ತೆಗೆದು ನೋಡಿ. ಮೂರನೇ ಅಂಗಡಿಯಲ್ಲಿ ಎರಡೂ ಇತ್ತು, 900 ಹೇಳಿದ್ರು, 850ಕ್ಕೆ ಬಂತು.

ಡೌನ್‌ಲೋಡ್ ಮಾಡಿದ್ದನ್ನ ಡಿಲೀಟ್ ಮಾಡಿ ಡಿಸ್ಕ್‌ನಿಂದ ಇನ್‌ಸ್ಟಾಲ್ ಮಾಡಿದೆವು. ಅದು ಮುಗಿದು, ಮೇಲೆ ಅಪ್‌ಡೇಟ್ ಇಳಿಯೋ ಹೊತ್ತಿಗೆ ರಾತ್ರಿ ಹನ್ನೊಂದು. ನಮ್ಮ ಪಿಎಸ್4ನಲ್ಲಿ ಚಿಂತಾಮಣಿಯ ಯೂಸರ್ ಹಾಗೇ ಇತ್ತು, ಅಳಿಸಿರಲಿಲ್ಲ. ಸೇವ್ ಇದ್ದಿದ್ದು ಅದರೊಳಗೆ. ಲೈಸೆನ್ಸ್ ಹೋಗಿತ್ತು, ಆದರೆ 62 ಗಂಟೆ ನಮ್ಮ ಹಾರ್ಡ್‌ಡಿಸ್ಕ್‌ನಲ್ಲೇ ಕೂತಿತ್ತು. ಅವನ ಯೂಸರ್‌ನಲ್ಲೇ ಹೋಗಿ ಡಿಸ್ಕ್ ಓಪನ್ ಮಾಡಿದೆವು. ಲೋಡ್ ಆಯ್ತು. ಕ್ಯಾಂಪ್, ಬೆಂಕಿ, ಆಚೆ ಮರದ ಪಕ್ಕ ಬಸ್ಯಾ ನಿಂತಿದ್ದ.

ಗದಗ ವಿಡಿಯೋ ಕಾಲ್ ಮಾಡಿ ಫೋನನ್ನ ಟಿವಿ ಕಡೆ ತಿರುಗಿಸಿದ. ಆ ಕಡೆ ಅಣ್ಣ ತಮ್ಮ ಇಬ್ಬರೂ ಇದ್ದರು. ತಮ್ಮ ಮೊದಲು ಕೇಳಿದ್ದು, "ನಿಮ್ದು ಇನ್ನೂ ನಾಲ್ಕನೇ ಚಾಪ್ಟರ್ರಾ?" ಅವನದ್ದು ಮುಗಿದೇ ಹೋಗಿತ್ತಂತೆ. ಕೊನೆ ಹೇಳಬೇಡ ಅಂತ ಎಲ್ಲರೂ ಒಟ್ಟಿಗೆ ಕೂಗಿದೆವು.

ಈಗ ಆರನೇ ಅಧ್ಯಾಯಕ್ಕೆ ಬಂದು ನಿಲ್ಲಿಸಿದ್ದೀವಿ. ಬೇಟೆ ಯಾರಿಗೂ ಸರಿಯಾಗಿ ಬರ್ತಿಲ್ಲ. ಮುಂದಿನ ತಿಂಗಳು ಫೆಸ್ಟ್‌ಗೆ ಚಿಂತಾಮಣಿ ಬರ್ತಾನಂತೆ. ಗೇಮ್ ಮುಗಿದ ಮೇಲೆ ಆ ಎರಡು ಡಿಸ್ಕ್ ಸುಮ್ಮನೆ ಕೂತಿರುತ್ತೆ, ಬೇಕಾದವರು ಯಲಹಂಕಕ್ಕೆ ಬಂದು ತಗೊಂಡು ಹೋಗಿ. ವಾಪಸ್ ಕೊಡುವಾಗ ಕವರ್‌ನಲ್ಲಿ ಎರಡೂ ಇರಲಿ.